ಹಾಲು 50ರ ಕೆಳಗೆ ಇಳಿಯದಿದ್ದಾಗ: ಮನೆಯಲ್ಲೇ ಮಾಡಿದ ತಂಪು ಕಾಯಿಲ್‌ನ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳು, ಮಧ್ಯಾಹ್ನ 3 ಗಂಟೆ. ಅಕ್ಕನ ಫೋನು. ಕಾಸಿದ ಹಾಲನ್ನು ಹೆಪ್ಪು ಹಾಕುವ 43 ಡಿಗ್ರಿಗೆ ಬೇಗ ಇಳಿಸಲೆಂದು ಅವಳಿಗೊಂದು ಕಾಯಿಲ್ ಮಾಡಿಕೊಟ್ಟಿದ್ದೆ: ಹಾಲಿನಲ್ಲಿ ಮುಳುಗಿಸಿ ಒಳಗೆ ನೀರು ಹರಿಸುವ ಸುರುಳಿ ಕೊಳವೆ.

"ತಮ್ಮಾ, ನೀ ಮಾಡಿಕೊಟ್ಟ ಕಾಯಿಲ್ ಕೆಟ್ಟದ ನೋಡು. ಅರ್ಧ ತಾಸಾಯ್ತು, ಹಾಲು 50ರ ಕೆಳಗ ಇಳೀವಲ್ದು."

"ನೀರು ಹರೀಲತ್ತದಿಲ್ಲೋ?"

"ಹರೀಲತ್ತದ."

"ಹೊರಗ ಬರೋ ನೀರು ಬಿಸಿ ಅದನೋ, ತಣ್ಣಗದನೋ?"

"ಬಿಸೀನೇ ಅದ. ಕಲಬುರಗಿ ಬ್ಯಾಸಗ್ಯಾಗ ತಣ್ಣನ ನೀರು ಎಲ್ಲಿಂದ ಬರಬೇಕೋ ಯಪ್ಪಾ?"

ರೋಗ ಏನೆಂದು ಆ ಕೊನೆಯ ಮಾತಿನಲ್ಲೇ ಹೇಳಿಬಿಟ್ಟಿದ್ದಳು. ಅದು ನನ್ನ ತಲೆಗೆ ಹೋಗಲು ಎರಡು ದಿನ ಹಿಡಿಯಿತು. ಪಾನಾ, ಸ್ಕ್ರೂ ಡ್ರೈವರ್ ಹಿಡಿದು ಅವಳ ಖಾನಾವಳಿಗೆ ಓಡಿದೆ. ಕಾಯಿಲ್ ಬಿಚ್ಚಿ ಬಾಯಿಟ್ಟು ಊದಿದೆ, ಗಾಳಿ ಸಲೀಸಾಗಿ ದಾಟಿತು. ಪೈಪು ಬದಲಿಸಿದೆ. ಒಳಗೆ ಸುಣ್ಣ ಕಟ್ಟಿರಬೇಕೆಂದು ಹುಳಿ ಹಾಕಿ ತೊಳೆದೆ. ಮರುದಿನವೂ ಅದೇ ಕತೆ. ಅವತ್ತು ಸಿಟ್ಟಿಗೆದ್ದು ಥರ್ಮಾಮೀಟರನ್ನು ಹಾಲಿನಿಂದ ಎತ್ತಿ, ಕಾಯಿಲ್‌ಗೆ ಹೋಗುವ ಪೈಪು ಕಳಚಿ ಆ ನೀರಿಗೆ ಹಿಡಿದೆ. 43 ಡಿಗ್ರಿ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕು ಬೆಳಗಿನಿಂದ ಬಿಸಿಲು ಕುಡಿದು ಕೂತಿತ್ತು. 43ರ ನೀರಿನಿಂದ ಹಾಲನ್ನು 43ಕ್ಕೆ ಇಳಿಸಲು ಹೊರಟಿದ್ದೆವು!

ಹಾಗಾಗಿ ಈ ಬರಹದಲ್ಲಿ ಪಾನಾ ಕೊನೆಗೆ ಬರುತ್ತದೆ, ಥರ್ಮಾಮೀಟರ್ ಮೊದಲು.

ಕಾಯಿಲ್ ಎಂದರೆ ಏನು

ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಸಾಧನ ಇದು. ಬಾರ್ಲಿ ಮಾಲ್ಟಿನ ಸಿಹಿ ರಸವನ್ನು ಹಾಪ್ಸ್ ಎಂಬ ಕಹಿ ಹೂ ಹಾಕಿ ಒಂದು ತಾಸು ಕುದಿಸುತ್ತಾರೆ. ಯೀಸ್ಟ್ ಹಾಕುವ ಮೊದಲು ಅದನ್ನು 20 ಡಿಗ್ರಿ ಆಸುಪಾಸಿಗೆ ಬೇಗ ಇಳಿಸಬೇಕು, ಇಲ್ಲವಾದರೆ ಬೇಡದ ಸೂಕ್ಷ್ಮಜೀವಿಗಳು ಮೊದಲೇ ಮನೆ ಮಾಡುತ್ತವೆ. ಅದಕ್ಕೆ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಪಾತ್ರೆಯಲ್ಲಿ ಮುಳುಗಿಸಿ, ಒಳಗೆ ತಣ್ಣೀರು ಹರಿಸುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಆ ಗೊಡವೆ ನಮಗೆ ಬೇಡ. ಆದರೆ ಪಾತ್ರೆಯಲ್ಲಿರುವುದು ಬಿಯರೋ ಹಾಲೋ ಸುರುಳಿಗೆ ಗೊತ್ತಾಗುವುದಿಲ್ಲ. ಅಕ್ಕನಿಗೆ ದಿನಾ 25 ಲೀಟರ್ ಎಮ್ಮೆ ಹಾಲು ಕಾಸಿ, 43ಕ್ಕೆ ಇಳಿಸಿ, ಹೆಪ್ಪು ಹಾಕಬೇಕು. ಅಡುಗೆಮನೆಯ ಸೆಕೆಯಲ್ಲಿ ತಾನಾಗೇ ಆರಲೆಂದು ಬಿಟ್ಟರೆ ರಾತ್ರಿಯಾಗುತ್ತಿತ್ತು. ಹೆಪ್ಪು ತಡವಾದರೆ ಮರುದಿನ ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ನೀರು ನೀರಾದ ಮೊಸರು. ಗಿರಾಕಿ ಸುಮ್ಮನಿರುತ್ತಾರೆಯೇ?

ಮೊದಲ ಕಾಯಿಲನ್ನು ನಾನೂ ತಾಮ್ರದಲ್ಲೇ ಮಾಡಿದ್ದೆ, ಎಸಿ ರಿಪೇರಿಯಲ್ಲಿ ಉಳಿದ ಕೊಳವೆ ಇತ್ತೆಂದು. ಅದು ದೊಡ್ಡ ತಪ್ಪು. ತಾಮ್ರ ತಾಗಿದ ಹಾಲಿನ ಕೊಬ್ಬು ಬೇಗ ಕೆಡುತ್ತದೆ, ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹುಳಿಯಾದ ಮೊಸರಂತೂ ತಾಮ್ರವನ್ನೇ ಕರಗಿಸಿಕೊಳ್ಳುತ್ತದೆ. ನಮ್ಮ ಅಜ್ಜಿಯರು ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಇಡುತ್ತಿರಲಿಲ್ಲ. ಎಸಿ ಮೆಕ್ಯಾನಿಕ್ ಆದ ನಾನು ಅದನ್ನು ಮರೆತಿದ್ದೆ. ನಿಮ್ಮ ಮೊಸರಿಗೆ ಲೋಹದ ರುಚಿ ಬರುತ್ತಿದ್ದರೆ ಮುಂದೆ ಓದುವುದೇ ಬೇಡ, ಕಾಯಿಲ್ ಬದಲಿಸಿ.

ಈಗಿರುವುದು 304 ದರ್ಜೆಯ ಸ್ಟೀಲ್, ಅರ್ಧ ಇಂಚಿನ ಕೊಳವೆ, 8 ಮೀಟರ್. ಕೊಳವೆಗೆ ಒಣ ಮರಳು ತುಂಬಿ ಎರಡೂ ಬಾಯಿ ಬಿಗಿದು ಡ್ರಮ್ಮಿಗೆ ಸುತ್ತಿದ್ದು. ಮರಳಿಲ್ಲದೆ ಸುತ್ತಿದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಒಂಬತ್ತು ಹತ್ತು ಸುತ್ತು ಬಂತು. ತಾಮ್ರದ ಮುಂದೆ ಸ್ಟೀಲಿಗೆ ಶಾಖ ಸಾಗಿಸುವ ಶಕ್ತಿ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟು ಎನ್ನಬಹುದು. ಆದರೂ ಕಾಯಿಲ್ ನಿಧಾನವಾಗಲಿಲ್ಲ. ಕೊಳವೆಯ ಗೋಡೆ ಒಂದು ಮಿಲಿಮೀಟರಿಗಿಂತ ತೆಳು, ಅದನ್ನು ದಾಟುವುದು ಶಾಖಕ್ಕೆ ಕಷ್ಟವೇ ಅಲ್ಲ. ಕಷ್ಟ ಇರುವುದು ಕೊಳವೆಯ ಮೈಗೆ ಅಂಟಿ ನಿಂತ ಹಾಲಿನ ಪದರದಲ್ಲಿ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಮೂರು ಅಂಕಿ

ಏನನ್ನೂ ಬಿಚ್ಚುವ ಮೊದಲು ಮೂರು ಕಡೆ ಥರ್ಮಾಮೀಟರ್ ಹಿಡಿಯಿರಿ: ಒಳಹೋಗುವ ನೀರು, ಹೊರಬರುವ ನೀರು, ಹಾಲು. ಮೂರನ್ನೂ ಒಂದೇ ನಿಮಿಷದೊಳಗೆ ಬರೆದುಕೊಳ್ಳಿ. ಮುಕ್ಕಾಲು ಪಾಲು ದೋಷ ಇಲ್ಲೇ ಬಾಯಿಬಿಡುತ್ತದೆ.

ಥರ್ಮಾಮೀಟರಿನ ಮೇಲೇ ಅನುಮಾನ ಇದ್ದರೆ ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಡಿ, 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲವೆಂದು ಬಿಸಾಡಬೇಡಿ. ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರಿನಷ್ಟು ಎತ್ತರದಲ್ಲಿದೆ, ಇಲ್ಲಿ ನೀರು 98.5ರ ಹತ್ತಿರವೇ ಕುದಿಯುತ್ತದೆ. ಬೀದರ್ ಇನ್ನೂ ಎತ್ತರ, ಅಲ್ಲಿ ಇನ್ನೊಂದಿಷ್ಟು ಕಡಿಮೆ.

ಮೊದಲು ನೋಡಬೇಕಾದ್ದು ಒಳಹೋಗುವ ನೀರು. ಹಾಲು ಅದಕ್ಕಿಂತ ಕೆಳಗೆ ಎಂದೂ ಇಳಿಯುವುದಿಲ್ಲ, ಕಾಯಿಲ್ ಚಿನ್ನದ್ದಾದರೂ ಸರಿ. ಹತ್ತಿರ ಹೋದಂತೆ ವೇಗವೂ ಸಾಯುತ್ತದೆ. ನಮ್ಮ ಕಾಯಿಲ್‌ನಲ್ಲಿ, ಹಾಲು ತಿರುವುತ್ತ ನಿಮಿಷಕ್ಕೆ 6 ಲೀಟರ್ ನೀರು ಬಿಟ್ಟರೆ, ಹಾಲಿಗೂ ಒಳನೀರಿಗೂ ಇರುವ ಅಂತರ ಸುಮಾರು 7 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಚಳಿಗಾಲದ ಬೆಳಗಿನ 28ರ ನೀರು ಎಂದುಕೊಳ್ಳಿ. 90ರ ಹಾಲಿಗೆ ಅಂತರ 62. ಏಳು ನಿಮಿಷಕ್ಕೆ 31, ಹದಿನಾಲ್ಕಕ್ಕೆ 15 ಚಿಲ್ಲರೆ, ಅಂದರೆ ಹಾಲು 43ರ ಬಾಗಿಲಿಗೆ ಬಂದಾಯಿತು. ನೀರು 40 ಇದ್ದರೆ? ಅಂತರ 50, 25, 12, 6, 3. ನಾಲ್ಕು ಸಲ ಅರ್ಧವಾಗಬೇಕು, 28 ನಿಮಿಷ. 42ರ ನೀರಾದರೆ 40 ನಿಮಿಷ. 43 ಆದರೆ ಸಂಜೆಯವರೆಗೂ ನಿಂತುಕೊಳ್ಳಿ. ನೀರಿನಲ್ಲಿ ಎರಡೇ ಡಿಗ್ರಿ ಹೆಚ್ಚಾಗಿದ್ದಕ್ಕೆ ಕೆಲಸ 12 ನಿಮಿಷ ಉದ್ದವಾಯಿತು. ಫೆಬ್ರವರಿಯಲ್ಲಿ ಚೆನ್ನಾಗಿದ್ದ ಕಾಯಿಲ್ ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಹೊತ್ತಿಗೆ "ಕೆಟ್ಟುಹೋಗುವ" ಗುಟ್ಟು ಇದೇ.

ಒಳನೀರು ತಂಪಾಗಿಯೇ ಇದ್ದು ಹಾಲು ಮಾತ್ರ ಇಳಿಯದಿದ್ದರೆ ಹೊರನೀರನ್ನು ನೋಡಿ. ಆರೋಗ್ಯವಂತ ಕಾಯಿಲ್‌ನಲ್ಲಿ ನೀರು ಒಳಹೋಗಿ ಬರುವಷ್ಟರಲ್ಲಿ ಅಂತರದ ಐದರಲ್ಲಿ ಎರಡು ಪಾಲು ಬಿಸಿಯಾಗಿರುತ್ತದೆ. ಒಳನೀರು 28, ಹಾಲು 78 ಇದ್ದರೆ ಅಂತರ 50. ಹೊರನೀರು 48 ಇರಬೇಕು. ಅದು 58ಕ್ಕೆ ಏರಿದ್ದರೆ ನೀರು ಒಳಗೆ ಬಹಳ ಹೊತ್ತು ಕುಳಿತಿದೆ ಎಂದರ್ಥ, ಹರಿವು ಅರ್ಧಕ್ಕೆ ಬಿದ್ದಿದೆ. ಹೊರನೀರು 38 ಮಾತ್ರ ಇದ್ದರೆ ಹರಿವು ಸರಿ ಇದೆ, ಶಾಖವೇ ದಾಟುತ್ತಿಲ್ಲ. ಹೊರನೀರು ಬಹಳ ಬಿಸಿ ಬಂದರೆ "ಕಾಯಿಲ್ ಭಾಳ ಚಲೋ ಎಳೀಲತ್ತದ" ಎಂದು ಖುಷಿಪಡುವವರೇ ಜಾಸ್ತಿ. ನಾನೂ ಪಟ್ಟಿದ್ದೆ. ಖರೆ ಹೇಳಬೇಕೆಂದರೆ ಅದು ಪೈಪು ಮಡಚಿಕೊಂಡ ಲಕ್ಷಣ. ಈ ಪಾಲಿನ ಲೆಕ್ಕ ನಮ್ಮ ಕಾಯಿಲ್‌ನದು. ನಿಮ್ಮದು ಹೊಸದಿದ್ದಾಗಲೇ ಒಮ್ಮೆ ಅಳೆದು ಗೋಡೆಯ ಮೇಲೆ ಬರೆದಿಡಿ.

ಒಳನೀರೇ ಬಿಸಿ ಇದ್ದರೆ

ಬೆಳಗಿನ ಐದಾರು ಗಂಟೆಗೆ ಹಾಲು ಕಾಸುವುದು ಸುಲಭದ ದಾರಿ. ರಾತ್ರಿಯಿಡೀ ಆರಿದ ಟ್ಯಾಂಕು ಆಗ ತಂಪಾಗಿರುತ್ತದೆ. ಅಕ್ಕನಿಗೆ ಇದು ಆಗಿಬರಲಿಲ್ಲ, ಅವಳ ಹಾಲು ಬರುವುದೇ ಹನ್ನೊಂದಕ್ಕೆ, ಊಟದ ಗದ್ದಲ ಮುಗಿಯುವುದು ಎರಡೂವರೆಗೆ. ಬೋರ್ ಇರುವವರು ಟ್ಯಾಂಕಿಗೆ ಹೋಗುವ ಮೊದಲೇ ನೀರನ್ನು ಕಾಯಿಲ್‌ಗೆ ತಿರುಗಿಸಬಹುದು, ನೆಲದಾಳದ ನೀರು ಬೇಸಿಗೆಯಲ್ಲೂ ಅಷ್ಟು ಏರುವುದಿಲ್ಲ. ಮಂಜುಗಡ್ಡೆ ತರಿಸಿದೆವು ಒಂದು ವಾರ. ದುಡ್ಡೂ ಕರಗಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಊಟದ ಕೋಣೆಯ ಏರ್ ಕೂಲರ್. ಅದರ ತೊಟ್ಟಿಯ ನೀರಿಗೆ ಒಂದು ಮಧ್ಯಾಹ್ನ ಕೈ ಅದ್ದಿ ನೋಡಿ. ಹೊರಗೆ 41 ಇದ್ದರೂ ಅದು ತಣ್ಣಗೆ ಕೊರೆಯುತ್ತಿರುತ್ತದೆ. ನಮ್ಮದು 25 ತೋರಿಸಿತು. ಹುಲ್ಲಿನ ಪ್ಯಾಡಿನ ಮೇಲೆ ಜಾರುವಾಗ ನೀರು ಆವಿಯಾಗುತ್ತ ತನ್ನದೇ ಶಾಖ ಕಳೆದುಕೊಳ್ಳುತ್ತದೆ, ಮಣ್ಣಿನ ಗಡಿಗೆಯ ನೀರಿನ ಹಾಗೆ. ಗಾಳಿ ಒಣಗಿದ್ದಷ್ಟೂ ಹೆಚ್ಚು ತಂಪು. ನಮ್ಮ ಬಿಸಿಲಿನಲ್ಲಿ ಒಳ್ಳೆಯದೆಂದು ಹೇಳಲು ಇದೊಂದು ಇದೆ. ಮಂಗಳೂರಿನವರಿಗೆ ಈ ಉಪಾಯ ನಡೆಯುವುದಿಲ್ಲ. ಇಲ್ಲೂ ಮಳೆಗಾಲದಲ್ಲಿ ನಡೆಯುವುದಿಲ್ಲ, ಆಗ ಬೇಕಾಗುವುದೂ ಇಲ್ಲ.

ಆದರೆ ಕೂಲರ್ ನೀರನ್ನು ಮೊದಲಿನಿಂದಲೇ ಬಿಡಬೇಡಿ. ತೊಟ್ಟಿಯಲ್ಲಿರುವುದು 50 ಲೀಟರ್. 90ರ ಹಾಲಿನ ಪೂರ್ತಿ ಶಾಖ ಅದರೊಳಗೆ ಬಿದ್ದರೆ ತೊಟ್ಟಿಯೇ ಬಚ್ಚಲ ಹಂಡೆಯಾಗುತ್ತದೆ. ಮೊದಲು ಟ್ಯಾಂಕಿನ ಬಿಸಿ ನೀರಿನಿಂದಲೇ ಹಾಲನ್ನು 60ಕ್ಕೆ ಇಳಿಸಿ. ಅಂತರ ದೊಡ್ಡದಿರುವಾಗ 43ರ ನೀರೂ ಚೆನ್ನಾಗಿ ಎಳೆಯುತ್ತದೆ. ಅಲ್ಲಿಂದ ಪೈಪು ಬದಲಿಸಿ ಕೂಲರ್ ತೊಟ್ಟಿಗೆ ಹಾಕಿ. ಉಳಿದ 17 ಡಿಗ್ರಿ ಇಳಿಯುವಾಗ ತೊಟ್ಟಿ 8 ಡಿಗ್ರಿ ಮಾತ್ರ ಏರುತ್ತದೆ. ಬಿಯರ್ ಮಾಡುವವರೂ ಹೀಗೆಯೇ ಎರಡು ಹಂತದಲ್ಲಿ ಇಳಿಸುತ್ತಾರೆ, ಎರಡನೆಯದಕ್ಕೆ ಐಸ್ ನೀರು. ಒಂದು ಎಚ್ಚರಿಕೆ: ಕೂಲರಿನೊಳಗಿನ ಸಣ್ಣ ಪಂಪಿಗೆ ಕಾಯಿಲ್ ತಳ್ಳುವ ಕಸುವಿಲ್ಲ. ಬೇರೆ ಮುಳುಗು ಪಂಪು ಇಡಿ, ಕೂಲರಿನ ಫ್ಯಾನೂ ಪಂಪೂ ಓಡುತ್ತಲೇ ಇರಲಿ.

ಇಲ್ಲೇ ಇನ್ನೊಂದು ದೋಷ ಹೇಳಿಬಿಡುತ್ತೇನೆ. ಕಾಯಿಲ್‌ನಿಂದ 90 ಲೀಟರ್ ನೀರು ಮೋರಿಗೆ ಹೋಗುವುದನ್ನು ನೋಡಲಾರದೆ ಅಡುಗೆಯ ಹುಡುಗ ಒಮ್ಮೆ 100 ಲೀಟರಿನ ಡ್ರಮ್ಮಿನಿಂದಲೇ ನೀರೆತ್ತಿ ಡ್ರಮ್ಮಿಗೇ ಬಿಟ್ಟಿದ್ದ. ಅವನ ಮನಸ್ಸು ಒಳ್ಳೆಯದೇ. ಆದರೆ 30ಕ್ಕೆ ಶುರುವಾದ ಡ್ರಮ್ಮು ಕೊನೆಗೆ 41ಕ್ಕೆ ಮುಟ್ಟಿತ್ತು. ಹೊರನೀರನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಬಿಡಿ. ಮೊದಲೆರಡು ಬಕೀಟು ಕೈ ಸುಡುವಷ್ಟಿರುತ್ತದೆ, ಜಿಡ್ಡಿನ ಪಾತ್ರೆಗೆ ಬಹಳ ಚಲೋ.

ಹರಿವು ಬಿದ್ದಿದ್ದರೆ

15 ಲೀಟರಿನ ಬಕೀಟು ಎರಡೂವರೆ ನಿಮಿಷದಲ್ಲಿ ತುಂಬಬೇಕು. ಐದು ನಿಮಿಷವಾದರೆ ಪೈಪಿನ ದಾರಿಯಲ್ಲೆಲ್ಲ ಕೈಯಾಡಿಸಿ. ಹೆಚ್ಚಿನ ಸಲ ಹೊರಬರುವ ಕಡೆಯ ಪಾರದರ್ಶಕ ಪೈಪು ಬಿಸಿಗೆ ಮೆತ್ತಗಾಗಿ, ಪಾತ್ರೆಯ ಅಂಚಿನ ಮೇಲೆ ಮಡಚಿ ಕೂತಿರುತ್ತದೆ. ಟ್ಯಾಂಕು ಅರ್ಧ ಖಾಲಿಯಾದರೂ ಹರಿವು ಇಳಿಯುತ್ತದೆ. ಪೈಪು ಎಲ್ಲಾದರೂ ಕಮಾನಿನಂತೆ ಮೇಲೆದ್ದು ಇಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ತುದಿಯನ್ನು ಕೆಳಗೆ ಹಿಡಿದು ಒಮ್ಮೆ ಜೋರಾಗಿ ಹರಿಸಿ ಗಾಳಿ ಕಳೆಯಿರಿ.

ಶಾಖ ದಾಟದಿದ್ದರೆ

ಹೊರನೀರು ತಣ್ಣಗೇ ಬರುತ್ತಿದೆ, ಹಾಲು ಮಾತ್ರ ಬಿಸಿ. ಸೌಟು ತೆಗೆದುಕೊಂಡು ಒಂದು ನಿಮಿಷ ತಿರುವಿ, ಮತ್ತೆ ಹೊರನೀರು ಅಳೆಯಿರಿ. ಜಿಗಿದು ಮೇಲೇರಿದರೆ ಕಾಯಿಲ್‌ನಲ್ಲಿ ದೋಷವಿಲ್ಲ, ಹಾಲು ನಿಂತಲ್ಲೇ ನಿಂತಿತ್ತು ಅಷ್ಟೆ. ಕೊಳವೆಯ ಸುತ್ತ ತಣ್ಣಗಾದ ಹಾಲು ಹೊದಿಕೆಯಂತೆ ನಿಂತು ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಅಕ್ಕನ ಆ ಮಧ್ಯಾಹ್ನದ ಕತೆಯಲ್ಲಿ ಇದೂ ಸೇರಿತ್ತು. ಒಂದು ಕಡೆ ರೊಟ್ಟಿ ಬಡಿಯುತ್ತ, ಹಾಲನ್ನು ಅದರ ಪಾಡಿಗೆ ಬಿಟ್ಟಿದ್ದಳು. ತಿರುವಿದ್ದರೆ 43ರ ನೀರಿನಲ್ಲೂ 46ರ ಆಸುಪಾಸಿಗೆ ಬರುತ್ತಿತ್ತು.

ತಿರುವದಿದ್ದರೆ ಥರ್ಮಾಮೀಟರೂ ಸುಳ್ಳು ಹೇಳುತ್ತದೆ. ಸುರುಳಿಯ ಪಕ್ಕದಲ್ಲಿ 40, ಪಾತ್ರೆಯ ನಡುವೆ 52. ಪಕ್ಕದ ಅಂಕಿ ನಂಬಿ ಹೆಪ್ಪು ಹಾಕಿದರೆ ನಡುವಿನ ಬಿಸಿಗೆ ಹೆಪ್ಪು ಸಾಯುತ್ತದೆ. ಮೊಸರು ಅಂಚಿನಲ್ಲಿ ಗಟ್ಟಿ, ನಡುವೆ ಹಾಲೇ. "ಹೆಪ್ಪು ಸರಿ ಇದ್ದಿಲ್ಲ" ಎಂದು ಪಕ್ಕದ ಮನೆಯ ಹೆಪ್ಪಿಗೆ ಬೈಯುವ ಮೊದಲು ಇದನ್ನು ನೋಡಿ.

ತಿರುವಿದರೂ ಹೊರನೀರು ಏರದಿದ್ದರೆ ಪದರ ಕಟ್ಟಿದೆ. ಹೊರಮೈಯ ಪದರ ಬೆರಳಿಗೇ ಗೊತ್ತಾಗುತ್ತದೆ, ಒಣಗಿದ ಕೆನೆ ಜಾರುಜಾರಾಗಿ ಹಿಡಿದಿರುತ್ತದೆ. ದಿನಾ ಕೆಲಸ ಮುಗಿದ ತಕ್ಷಣ ತೊಳೆದರೆ ಬರುವುದೇ ಇಲ್ಲ. ಒಳಮೈಯದು ಸುಣ್ಣ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು, ನೆಲದಡಿ ಸುಣ್ಣದಕಲ್ಲು, ಬೋರ್ ನೀರಿನ ಸವಳು ಎಲ್ಲರಿಗೂ ಗೊತ್ತು. ನೀರು ಬಿಸಿಯಾದಲ್ಲೇ ಸುಣ್ಣ ಕೂರುವುದರಿಂದ ಹೊರಬರುವ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಬಿಳಿ ಪೊರೆ ಅಲ್ಲಿ ಮೊದಲು ಕಾಣುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ, ಕಾಯಿಲ್ ತುಂಬಿಸಿ ಅರ್ಧ ತಾಸು ಬಿಟ್ಟು ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಮುಟ್ಟಬೇಡಿ, ಅದು ಸ್ಟೀಲನ್ನೇ ಚುಚ್ಚಿ ಸೂಜಿತೂತು ಮಾಡುತ್ತದೆ.

ಹಾಲಿಗೆ ನೀರು ಸೇರುತ್ತಿದ್ದರೆ

ಇದು ಬೇರೆ ಜಾತಿಯ ದೋಷ, ಹೆಚ್ಚು ಅಪಾಯದ್ದು. ಕಾಯಿಸಿ ಶುದ್ಧ ಮಾಡಿದ ಹಾಲಿಗೆ ಹಸಿ ನೀರು ಬೀಳುತ್ತದೆ. ಮೊಸರು ತೆಳುವಾಗುತ್ತದೆ, ಬೇಗ ಹುಳಿಯುತ್ತದೆ. ಗಿರಾಕಿ ಹಾಲಿನವನ ಮೇಲೆ ಅನುಮಾನ ಪಡುತ್ತಾರೆ.

ನಮ್ಮಲ್ಲಿ ಹೀಗಾದಾಗ, ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರ್ ಹಿಡಿದೆ. ಅಳತೆ ಎರಡೂ ಸಲ ಒಂದೇ ಉಷ್ಣದಲ್ಲಿ ಆಗಬೇಕು, ಆದ್ದರಿಂದ ಕಾಯಿಲ್ ಇಳಿಸುವ ಮೊದಲು ಒಂದು ಲೋಟ ಹಾಲು ತೆಗೆದಿಟ್ಟು, ಕೊನೆಗೆ ಇನ್ನೊಂದು ಲೋಟ ತೆಗೆದು, ಎರಡೂ ಆರಿದ ಮೇಲೆ ಅಳೆದೆ. ಎರಡೂ ಒಂದೇ. ಸೋರಿಕೆ ಇಲ್ಲ ಎಂದು ನಿಟ್ಟುಸಿರು ಬಿಟ್ಟೆ. ಅದು ಅವಸರ. ನೂರಕ್ಕೆ ಹತ್ತರಷ್ಟು ನೀರು ಬಿದ್ದರೂ ಲ್ಯಾಕ್ಟೋಮೀಟರ್ ಇಳಿಯುವುದು ಮೂರು ಗೆರೆ. 25 ಲೀಟರಿಗೆ ಒಂದು ಚೊಂಬು ಬಿದ್ದರೆ ಅದಕ್ಕೆ ಕಾಣುವುದೇ ಇಲ್ಲ.

ಸಣ್ಣ ಸೋರಿಕೆಗೆ ಸೈಕಲ್ ಪಂಕ್ಚರ್ ಅಂಗಡಿಯ ವಿದ್ಯೆಯೇ ಸರಿ. ಕಾಯಿಲ್‌ನ ಒಂದು ಬಾಯಿ ಬಿಗಿದು, ಇನ್ನೊಂದಕ್ಕೆ ಪೈಪು ಕಟ್ಟಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಬೆಸುಗೆ ಮತ್ತು ಕಡಿದಾದ ತಿರುವಿನ ಹತ್ತಿರ ಕಣ್ಣಿಡಿ. ಗುಳ್ಳೆ ಎದ್ದರೆ ಆರ್ಗಾನ್ ವೆಲ್ಡಿಂಗ್ ಮಾಡುವವರ ಬಳಿ ಒಯ್ಯಿರಿ, ಎಂ-ಸೀಲ್ ಮೆತ್ತಿ ಹಾಲಿಗೆ ಇಳಿಸಬೇಡಿ. ನಮ್ಮ ಕಾಯಿಲ್‌ನಲ್ಲಿ ಒಂದೂ ಗುಳ್ಳೆ ಏಳಲಿಲ್ಲ.

ಮತ್ತೆ ನೀರು ಎಲ್ಲಿಂದ? ಮರುದಿನ ಕೆಲಸ ನಡೆಯುವಾಗ ಪಾತ್ರೆಯ ಪಕ್ಕ ಮಣೆ ಹಾಕಿ ಕೂತೆ. ಪೈಪು ಕೊಳವೆಗೆ ಸೇರುವ ಕಡೆ, ಕ್ಲಿಪ್ಪಿನ ಅಡಿಯಿಂದ ಒಂದು ಹನಿ ಹುಟ್ಟಿತು. ದಪ್ಪಗಾಗಿ, ಸ್ಟೀಲಿನ ಮೈಗುಂಟ ಹರಿದು, ಪಾತ್ರೆಯ ಅಂಚು ದಾಟಿ, ಒಳಗಿನ ಕಡೆಯಿಂದ ಹಾಲಿಗೆ ಇಳಿಯಿತು. ಹಿಂದೆಯೇ ಇನ್ನೊಂದು. ಬಿಸಿ ಏರಿದಂತೆ ಪೈಪು ಸಡಿಲವಾಗಿ ಹನಿ ಬರುತ್ತದೆ, ತಣ್ಣಗಾದ ಮೇಲೆ ಬಿಗಿಯಾಗುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ನೋಡಿದರೆ ಜೋಡಣೆ ಒಣಗಿಯೇ ಇರುತ್ತಿತ್ತು. ಕ್ಲಿಪ್ ಬಿಗಿದರೆ ಒಂದು ವಾರ ನಿಲ್ಲುತ್ತದೆ, ಮತ್ತೆ ಶುರು. ಶಾಶ್ವತ ಉಪಾಯ ಎಂದರೆ ಕೊಳವೆಯ ಎರಡೂ ತುದಿಯನ್ನು ಪಾತ್ರೆಯ ಅಂಚು ದಾಟಿಸಿ ನಾಲ್ಕು ಬೆರಳು ಹೊರಗೆ ತಂದು, ಕೆಳಮುಖ ಬಗ್ಗಿಸುವುದು. ಆಮೇಲೆ ಎಷ್ಟು ಹನಿದರೂ ನೆಲಕ್ಕೆ.

ಕಾಯಿಲ್ ಇಳಿಸುವಾಗಿನ ಒಂದು ಮಾತು ಉಳಿಯಿತು. ಹಾಲು ಒಲೆಯ ಮೇಲಿರುವಾಗಲೇ, ಇಳಿಸಲು ಹತ್ತು ನಿಮಿಷ ಮೊದಲು, ತೊಳೆದ ಕಾಯಿಲನ್ನು ಅದರಲ್ಲಿ ಮುಳುಗಿಸಿ, ಕುದಿಯಲ್ಲೇ ಅದೂ ಶುದ್ಧವಾಗುತ್ತದೆ. ಆಗ ಎರಡೂ ಬಾಯಿ ತೆರೆದಿರಲಿ, ಒಳಗೆ ನಿನ್ನೆಯ ನೀರು ಇರಬಾರದು. ನಾನೊಮ್ಮೆ ನೀರು ಬಸಿಯದೆ ಇಳಿಸಿದ್ದೆ. ಒಂದು ನಿಮಿಷಕ್ಕೆ ಬಾಯಿಯಿಂದ ಗೊರಗೊರ ಸದ್ದು, ಆಮೇಲೆ ಕುದಿನೀರು ಚಿಮ್ಮಿ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಬಡಿಯಿತು. ಅಕ್ಕ ಆ ಕ್ಯಾಲೆಂಡರನ್ನು ಇನ್ನೂ ತೆಗೆದಿಲ್ಲ. ಅದರ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಅವಳೇ ದಿನಾ ಬರೆಯುತ್ತಾಳೆ: ಒಳನೀರು, ಹೊರನೀರು, ಹಾಲು.